ಸವತಿ ಹಡಗು ಹತ್ತಿದಳು

ಫೆಬ್ರವರಿ ೩, ಸೋಮವಾರ

ಮೊಮ್ಮಗಳು ಅರ್ಧ ಬರೆದು ಬಿಟ್ಟ ನೋಟುಪುಸ್ತಕವೊಂದನ್ನು ತಂದು ನನ್ನ ಮುಂದೆ ಹಾಕಿ, ಬೈಯಬೇಕು ಅನ್ನಿಸಿದಾಗೆಲ್ಲ ಇದರಲ್ಲಿ ಬರಿ ಅಜ್ಜಿ ಎಂದಳು. ಅವಳಮ್ಮ ಹೇಳಿಕೊಟ್ಟ ಮಾತು ಅದು, ನನಗೆ ಗೊತ್ತಾಗುವುದಿಲ್ಲವೇ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ, ಅದೂ ಮೇಷ್ಟರು ಬಂದ ದಿನ ಮಾತ್ರ. ಆದರೆ ಹಾಸಿಗೆ ಹೊಲಿದು ಬದುಕಿದ ಕೈ ಇದು. ಗೆರೆ ಬಿಟ್ಟು ಆಚೆ ಹೋಗುವುದಿಲ್ಲ.

ನಮ್ಮ ಯಜಮಾನರು ತೀರಿಕೊಂಡು ಆರು ತಿಂಗಳಾಯಿತು. ಅಂದಿನಿಂದ ಈ ಮನೆಯಲ್ಲಿ ನನ್ನ ಬೈಗುಳಕ್ಕೆ ಗಿರಾಕಿಯೇ ಇಲ್ಲ. ಮಗಳಿಗೆ ಒಂದು ಅಂದರೆ ಎರಡು ತಿರುಗಿಸುತ್ತಾಳೆ. ಅಳಿಯನಿಗೆ ಏನಂದರೂ "ಆಯ್ತು" ಎನ್ನುತ್ತಾನೆ. ಗೋಡೆಗೆ ಬೈದರೆ ಸುಣ್ಣವಾದರೂ ಉದುರೀತು.

ಮಗಳಿಗೆ ಸಮುದ್ರದಾಚೆಯ ದೇಶದಲ್ಲಿ ಕೆಲಸ ಸಿಕ್ಕಿದೆ. ಅವಳದು ಕಟ್ಟುಹಲ್ಲು ಮಾಡುವ ಕೆಲಸ. ನನ್ನ ಬಾಯಲ್ಲಿರುವ ಎರಡು ಸಾಲೂ ಅವಳ ಕೈಯವೇ. ಅಲ್ಲಿನವರಿಗೂ ಹಲ್ಲು ಉದುರುತ್ತವಂತೆ, ಸಮಾಧಾನ. ನಾಲ್ವರೂ ಹೊರಡುವುದು. ಬಾಡಿಗೆ ಮನೆ, ಕೀಲಿ ಕೊಟ್ಟರೆ ಮುಗಿಯಿತು. ಮಂಚ, ಮೇಜು, ನನ್ನ ಹೊಲಿಗೆಯ ಹಲಗೆ ಎಲ್ಲ ಮಾರುತ್ತಾರೆ. ಯಜಮಾನರ ಹಳೇ ಕಾರು ಮಾತ್ರ ಹಡಗಿನಲ್ಲಿ ಬರುತ್ತದಂತೆ. ಅದನ್ನೂ ಮಾರಿ ತೊಲಗಿಸು ಎಂದೆ.

"ಅಪ್ಪನ ಕಾರು ಬಿಟ್ಟು ನಾನು ವಿಮಾನ ಹತ್ತೋದಿಲ್ಲ" ಎಂದಳು.

"ನನ್ನ ಬಿಟ್ಟು ಹತ್ತುತ್ತೀಯೇನೋ."

"ನಿನ್ನ ಬಿಡೋಕಾಗುತ್ತಾ. ಬಿಟ್ರೂ ನೀನು ಬಿಡಬೇಕಲ್ಲ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ, ಅನುಮಾನ ಬೇಡ.

ಫೆಬ್ರವರಿ ೭, ಶುಕ್ರವಾರ

ಈ ಕಾರಿಗೆ ಸವತಿ ಎಂದು ಹೆಸರಿಟ್ಟವಳು ನಾನು. ಅದು ಬಾಗಿಲಿಗೆ ಬಂದ ದಿನವೇ ಇಟ್ಟೆ.

ಅವರು ನೂಲಿನ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಯಂತ್ರಕ್ಕೆ ಬಲಗಿವಿ ಕೊಟ್ಟು ನಿಂತು ಆ ಕಿವಿ ಪೂರ್ತಿ ಹೋಗಿತ್ತು, ಎಡಗಿವಿಯೂ ಅಷ್ಟಕ್ಕಷ್ಟೇ. ಗಿರಣಿಯ ದೊಡ್ಡ ಸಾಹೇಬ ದೇಶ ಬಿಟ್ಟು ಹೋಗುವಾಗ ಕಾರನ್ನು ಒಯ್ಯಲಾರದೆ ಇವರ ತಲೆಗೆ ಕಟ್ಟಿದ. ಆಗಲೇ ಅದಕ್ಕೆ ವಯಸ್ಸಾಗಿತ್ತು. ಉಬ್ಬಿದ ಕೆನ್ನೆ, ದುಂಡು ದೀಪ, ಅಂಚಿಗೆಲ್ಲ ಬೆಳ್ಳಿಯಂಥ ಪಟ್ಟಿ. ನನಗೆ ಒಂದು ಬಳೆ ತಂದುಕೊಟ್ಟವರಲ್ಲ, ಅದಕ್ಕೆ ವಾರಕ್ಕೊಮ್ಮೆ ಮೈ ಉಜ್ಜುವ ಸಡಗರ. ನಾನೂ ಬಿಡಲಿಲ್ಲ. ಹೊಲಿದ ಹಾಸಿಗೆಗಳನ್ನು ಅದರ ನೆತ್ತಿಯ ಮೇಲೆ ಕಟ್ಟಿಸಿ ಗಿರಾಕಿಗಳ ಮನೆಗೆ ಹೊರೆಸಿದೆ. ರಾಜಕುಮಾರಿಯ ತಲೆ ಮೇಲೆ ಹೊರೆ ಇಟ್ಟೆಯಲ್ಲೇ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಸೀಟಿನ ಸ್ಪ್ರಿಂಗು ಕುಸಿದಾಗ ಎಲ್ಲ ಸೀಟಿಗೂ ಬೂರುಗದ ಅರಳೆ ತುಂಬಿ ಹೊಲಿದುಕೊಟ್ಟವಳೂ ನಾನೇ. ಅವರಿಗೆ ನೆಟ್ಟಗೆ ಕೂತು ಓಡಿಸುವ ಅಭ್ಯಾಸವೇ ಇರಲಿಲ್ಲ. ಸಡಿಲ ಗೂಟದ ಹಾಗೆ ಎಡಕ್ಕೆ ವಾಲಿಕೊಂಡೇ ಇರುವುದು. ಪಕ್ಕದ ಸೀಟಿನಲ್ಲಿ ಕೂತು, ನೆಟ್ಟಗೆ ಕೂರಿ, ನನ್ನ ಹೊಲಿಗೆ ಕೆಡುತ್ತದೆ ಎಂದು ದಾರಿಯುದ್ದಕ್ಕೂ ಬಾಯಿ ನೋಯಿಸಿಕೊಂಡಿದ್ದೇ ಬಂತು. ಅಂದಷ್ಟೂ ಇನ್ನಷ್ಟು ವಾಲುತ್ತಿದ್ದರು, ಹಟಮಾರಿ. ಈಗ ಆ ಸೀಟಿನ ಎಡಭಾಗ ಮಡಿಲಿನ ಹಾಗೆ ತಗ್ಗಿಹೋಗಿದೆ.

ಮಗಳು ಸಂಜೆ ಕೆಲಸದಿಂದ ಬಂದವಳು ಒಳಗೆ ಬರುವ ಮುಂಚೆ ಶೆಡ್ಡಿಗೆ ಹೋಗಿ ಆ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಾಳೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಅಡುಗೆಮನೆ ಕಿಟಕಿಯಿಂದ ಎಲ್ಲ ಕಾಣುತ್ತದೆ. ಅವಳೂ ಎಡಕ್ಕೇ ವಾಲುತ್ತಾಳೆ. ತಗ್ಗು ಹಾಗಿದೆ, ಏನು ಮಾಡಿಯಾಳು.

ಅವರು ಹೋದ ದಿನ ಬಂದವರೆಲ್ಲ ನನ್ನನ್ನು ನೋಡಿ, ಇವಳ ಕಣ್ಣಲ್ಲಿ ಒಂದು ಹನಿ ಇಲ್ಲವಲ್ಲ ಎಂದು ಪಿಸುಗುಟ್ಟಿದರು. ಕೇಳಿದಾಗ ಬರಲು ಅದೇನು ನಲ್ಲಿ ನೀರೇ.

ಫೆಬ್ರವರಿ ೧೫, ಶನಿವಾರ

ಮೊನ್ನೆ ಹಡಗಿನ ಏಜೆಂಟ್ ಬಂದಿದ್ದ. ಬಾಯಿ ತೆರೆದರೆ ಮುಚ್ಚದವನು, ನನ್ನನ್ನೇ ಮೀರಿಸಿದ. ಆ ದೇಶದವರು ಹೊರಗಿನ ಮಣ್ಣು ಕಂಡರೆ ಹಾವು ಕಂಡ ಹಾಗೆ ಹಾರುತ್ತಾರಂತೆ. ಚಕ್ರದ ಸಂದಿಯಲ್ಲಿ ಹುಲ್ಲೆಸಳು, ಬೀಜ, ಸತ್ತ ಇರುವೆ, ಏನೇ ಸಿಕ್ಕರೂ ಕಾರನ್ನು ಒಳಗೆ ಬಿಡುವುದಿಲ್ಲ, ಬಂದ ದಾರಿಗೆ ಅಟ್ಟುತ್ತಾರೆ ಇಲ್ಲವೇ ಜಜ್ಜಿ ಹಾಕುತ್ತಾರೆ ಎಂದ. ನಾಲ್ಕು ತಲೆಮಾರಿನ ಕೊಳೆ ತೆಗೆಯಬೇಕಮ್ಮಾ ಎಂದು ಹಲ್ಲು ಕಿರಿದ. ಹೋಗುವ ಮುಂಚೆ ಹಿಂದಿನ ಸೀಟನ್ನು ಗುದ್ದಿ, ಒಳಗೆ ಫೋಮಾ ಎಂದು ಕೇಳಿದ.

"ಫೋಮು ತುಂಬೋಕೆ ನನ್ನ ಕೈಗೇನು ರೋಗ. ಅಪ್ಪಟ ಅರಳೆ" ಎಂದೆ.

ಒಳ್ಳೇದು, ಒಳ್ಳೇದು ಎಂದು ಫೋನು ಕಿವಿಗಿಟ್ಟುಕೊಂಡು ಹೋದ.

ಅಂದಿನಿಂದ ಮಗಳು ಹಲ್ಲು ಕೆರೆಯುವ ಸಲಕರಣೆಗಳನ್ನೆಲ್ಲ ಮನೆಗೆ ತಂದಿದ್ದಾಳೆ. ಸಣ್ಣ ಕೊಕ್ಕೆ, ಸಣ್ಣ ಬುರುಸು, ಕನ್ನಡಿಯ ಕಡ್ಡಿ. ಕಾರಿನಡಿ ಅಂಗಾತ ಮಲಗಿ ಒಂದೊಂದು ಸಂದಿಯ ಮಣ್ಣನ್ನೂ ಹಲ್ಲಿನ ಪಾಚಿ ತೆಗೆದ ಹಾಗೆ ತೆಗೆಯುತ್ತಾಳೆ. ಬಾಯಿ ಅಗಲಿಸು ಸವತೀ, ನೋಯುವುದಿಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ. ಅಳಿಯನೂ ನಕ್ಕ. ಅವನು ನಗುವುದು ಅಪರೂಪ.

ಆಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆ ಹಿಡಿದು ಸ್ಟೇರಿಂಗಿಗೆ ಕೈ ಹಾಕಿದಳು. ಅದರ ಮೇಲೆ ಅವರ ಕೈ ಬೆವರು ಕೂತು ಕೂತು ಎರಡು ಕಡೆ ಕಪ್ಪಾಗಿದೆ.

"ಅದನ್ನ ಬಿಡು, ಅದು ಮಣ್ಣಲ್ಲ" ಎಂದೆ.

ತಿರುಗಿ ನನ್ನ ಮುಖ ನೋಡಿದಳು. ಇರುವ ಕೆಲಸವೇ ಸಾಕಷ್ಟಿರುವಾಗ ಇಲ್ಲದ್ದನ್ನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು, ಅದಕ್ಕೇ ಹೇಳಿದೆ.

ಫೆಬ್ರವರಿ ೨೦, ಗುರುವಾರ

ಹಿಂದಿನ ಸೀಟು ಜೋಲುಬಿದ್ದಿದೆ. ಆ ದೇಶದವರು ನೋಡಿ, ಇದನ್ನು ಯಾವ ಕೈಕೆಟ್ಟವಳು ಹೊಲಿದಳೋ ಅನ್ನಬಾರದು. ಒಂದು ಬದಿಯ ಹೊಲಿಗೆ ಬಿಚ್ಚಿ ಹೊಸ ಅರಳೆ ತುಂಬಿದೆ. ಅರಳೆ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಬೀಜವೆಲ್ಲ ಉದುರಿಸಿ ತುಂಬುವುದು ಕ್ರಮ. ಕೋಲನ್ನು ಹಲಗೆಯ ಜೊತೆ ಮಾರಿಬಿಟ್ಟಿದ್ದಾರೆ, ನನ್ನ ಭುಜವೂ ಏಳುವುದಿಲ್ಲ. ಕೈಯಲ್ಲೇ ಬಿಡಿಸಿದೆ. ನಾಲ್ಕು ಬೀಜ ಉಳಿದಿದ್ದರೂ ಯಾರ ಬೆನ್ನಿಗೆ ಚುಚ್ಚುತ್ತವೆ. ಹೊಲಿಗೆ ಮಾತ್ರ ಎಲ್ಲಿ ಬಿಚ್ಚಿದೆನೆಂದು ದೇವರಿಗೂ ಗೊತ್ತಾಗಬಾರದು, ಹಾಗೆ ಮುಚ್ಚಿದೆ.

ಮುಂದಿನ ಸೀಟಿನ ತಗ್ಗನ್ನೂ ಸರಿ ಮಾಡೋಣವೆಂದು ದಾರ ಪೋಣಿಸಿಕೊಂಡಿದ್ದೆ. ಹೊತ್ತಾಗಿತ್ತು, ಬಿಟ್ಟೆ. ಸೂಜಿಯನ್ನು ಡಬ್ಬಿಗೆ ಹಾಕಿಟ್ಟೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಒಂದು ಸೂಜಿ ಕಳೆದವಳಲ್ಲ. ಹಾಸಿಗೆ ಹೊಲಿಯುವವಳು ಸೂಜಿ ಕಳೆದರೆ ಅದು ಸಿಗುವುದು ಮಲಗಿದವನ ಮೈಯಲ್ಲೇ.

ಫೆಬ್ರವರಿ ೨೪, ಸೋಮವಾರ

ಸವತಿ ಹೋದಳು. ಮನೆ ಎತ್ತರದ ಕಬ್ಬಿಣದ ಪೆಟ್ಟಿಗೆ. ಮಗಳೇ ಒಳಕ್ಕೆ ಓಡಿಸಿದಳು. ಬಾಗಿಲು ತೆರೆಯಲು ಜಾಗವಿಲ್ಲದೆ ಕಿಟಕಿಯಿಂದ ನುಸುಳಿ ಈಚೆ ಬಂದಳು. ಕಾಲಿಗೆ ಹಗ್ಗ ಕಟ್ಟಿದ ಹಾಗೆ ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದರು. ಬ್ಯಾಟರಿ ತಂತಿ ಬಿಚ್ಚಿದರು. ಪೆಟ್ಟಿಗೆಯ ಬಾಗಿಲು ಮುಚ್ಚಿ ಸರಳು ಎಳೆದಾಗ ಆದ ಸದ್ದು ನಾನು ಆರು ತಿಂಗಳ ಹಿಂದೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೇಳಿದ ಸದ್ದೇ.

ಬರುವಾಗ ಅಳಿಯ ಬಾಡಿಗೆ ಕಾರು ಕರೆದಿದ್ದ. ಅದರ ಸೀಟು ಹಲಗೆ.

ಮಾರ್ಚ್ ೬, ಗುರುವಾರ

ನಾಳೆ ಬೆಳಿಗ್ಗೆ ಹೊರಡುವುದು. ಶೆಡ್ಡಿನ ನೆಲದಲ್ಲಿ ಕಾರಿನ ಎಣ್ಣೆ ತೊಟ್ಟಿಕ್ಕಿದ ಕಲೆ ಉಳಿದಿದೆ. ತೊಳೆದು ಕೊಡಬೇಕು ಎಂದು ಮನೆ ಮಾಲೀಕ ಹೇಳಿದ್ದ. ಅಳಿಯ ಬಕೆಟ್ಟು ಬುರುಸು ತಂದ. ನಾಳೆ ತೊಳಿ ಎಂದೆ.

ಆಯ್ತು ಎಂದ.

ಮಾರ್ಚ್ ೧೯, ಬುಧವಾರ

ಈ ಮನೆಯ ಕಿಟಕಿ ತೆರೆಯುವುದಿಲ್ಲ. ಗಾಜಿನಾಚೆ ಒಂದೇ ಬಣ್ಣದ ಮನೆಗಳು, ಅವುಗಳ ಮುಂದೆ ಒಂದೇ ಬಣ್ಣದ ಕಸದ ಡಬ್ಬಗಳು. ಮಗಳು ಕತ್ತಲಿರುವಾಗಲೇ ಹೋಗಿ ಕತ್ತಲಾದ ಮೇಲೆ ಬರುತ್ತಾಳೆ. ಅಳಿಯನಿಗೆ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ. ಅಲ್ಲೂ ಆಯ್ತು ಎನ್ನುತ್ತಿರಬೇಕು. ಮೊಮ್ಮಗಳು ಶಾಲೆಯಿಂದ ಬಂದು ಈ ಊರ ಭಾಷೆಯಲ್ಲೇ ಗೊಣಗುತ್ತಾಳೆ. ಗೊಣಗುವುದು ನನ್ನಿಂದ ಬಂದದ್ದು, ಭಾಷೆ ಮಾತ್ರ ಬೇರೆಯವರದು.

ಪಕ್ಕದ ಮನೆಯ ಮುದುಕನ ನಾಯಿ ನಮ್ಮ ಹುಲ್ಲಿನ ಮೇಲೆ ಕೊಳಕು ಮಾಡಿತು. ಹೊರಗೆ ಹೋಗಿ ಚೆನ್ನಾಗಿ ಝಾಡಿಸಿದೆ. ಮುದುಕ ನಗುತ್ತಾ ಕೈ ಬೀಸಿದ. ನಾನು ಕ್ಷೇಮಸಮಾಚಾರ ಕೇಳಿದೆ ಅಂದುಕೊಂಡ. ಒಳಗೆ ಬಂದು ಕೂತೆ. ಬಾಯಿ ಇದ್ದೂ ಮೂಗಿಯಾದೆ.

ಹಾಸಿಗೆಯೂ ಫೋಮಿನದೇ. ಮಲಗಿ ಎದ್ದರೆ ಮರುಗಳಿಗೆಗೆ ಉಬ್ಬಿಕೊಂಡು ಯಾರೂ ಮಲಗಿರಲಿಲ್ಲ ಎಂಬ ಹಾಗೆ ಇರುತ್ತದೆ.

ಏಪ್ರಿಲ್ ೧೧, ಶುಕ್ರವಾರ

ಮೊಮ್ಮಗಳ ಫೋನಿನಲ್ಲಿ ಹಡಗು ಎಲ್ಲಿದೆ ಎಂದು ಕಾಣುತ್ತದೆ. ನೀಲಿಯ ಮೇಲೆ ಒಂದು ಚುಕ್ಕಿ. ನಿನ್ನೆ ಇದ್ದಲ್ಲಿಂದ ಒಂದು ಅಕ್ಕಿಕಾಳಿನಷ್ಟು ಮುಂದೆ ಬಂದಿದೆ. ಯಾವುದೋ ಬಂದರಿನಲ್ಲಿ ಮಳೆಗೆ ಸಿಕ್ಕಿ ಸುಮಾರು ದಿನ ನಿಂತಿತ್ತಂತೆ.

"ಅಮ್ಮ, ದಿನಾ ನೀನೇ ಕೇಳ್ತೀಯಲ್ಲ, ನಾನಾದರೂ ಮರೆತಿರ್ತೀನಿ" ಎಂದಳು ಮಗಳು.

ಕಳಿಸಿದ ಸಾಮಾನು ಎಲ್ಲಿದೆ ಎಂದು ಕೇಳಬಾರದೇ.

ಏಪ್ರಿಲ್ ೨೯, ಮಂಗಳವಾರ

ಹಡಗು ಬಂತು. ಕಾರು ಬರಲಿಲ್ಲ.

ಮಗಳು ಬೂಟು ಬಿಚ್ಚದೆ ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಫೋನು ನನ್ನ ಮುಂದೆ ಹಿಡಿದಳು. ಬಂದರಿನ ತಪಾಸಣೆಯವರು ಕಳಿಸಿದ ಚಿತ್ರ. ನನ್ನ ಹೊಲಿಗೆ. ಹಿಂದಿನ ಸೀಟಿನ ಆ ಬದಿಯದು. ಅದರ ಎರಡು ದಾರಗಳ ನಡುವಿನಿಂದ ಬಿಳಿಚಿಕೊಂಡ ಒಂದು ಮೊಳಕೆ, ಬೆರಳುದ್ದ, ಬಾಗಿಲಿನ ಬೆಳಕಿನ ಕಡೆಗೆ ಕತ್ತು ಚಾಚಿ ನಿಂತಿದೆ. ಪೆಟ್ಟಿಗೆಯೊಳಗೆ ಮಳೆನೀರು ಸೋರಿ, ತೆರೆದೇ ಇದ್ದ ಕಿಟಕಿಯಿಂದ ಸೀಟಿನವರೆಗೂ ಇಳಿದಿತ್ತಂತೆ. ನೀರೂ ಸೆಕೆಯೂ ಸಿಕ್ಕಿದ್ದೇ ತಡ, ಬೂರುಗದ ಬೀಜ ಹುಟ್ಟಿಬಿಟ್ಟಿದೆ.

"ಹಿಂದಿನ ಸೀಟಿಗೆ ಹೊಸ ಅರಳೆ ತುಂಬಿದ್ಯಾ" ಎಂದು ಕೇಳಿದಳು. ಹೂಂ ಎಂದೆ. ಅಷ್ಟೇ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಏಜೆಂಟ್ ಬೀಜ ಅಂದಾಗ ನನ್ನ ಕಣ್ಣಿಗೆ ಹೊಲ ಬಂತು, ಹಾಸಿಗೆ ಬರಲಿಲ್ಲ. ಅರಳೆಯೊಳಗಿನದನ್ನು ನಾವು ಬೀಜ ಎಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ. ಅದು ಗುಡಿಸಿ ಎಸೆಯುವ ಕಸ.

ಮೇ ೨, ಶುಕ್ರವಾರ

ತಪಾಸಣೆಯವರು ಎರಡು ದಾರಿ ಹೇಳಿದ್ದಾರೆ. ಒಂದೋ ಕಾರು ಜಜ್ಜಿಹೋಗಬೇಕು. ಇಲ್ಲವೇ ಎಲ್ಲ ಸೀಟುಗಳ ಒಳಗಿರುವುದನ್ನು ಅವರ ಕಣ್ಣೆದುರಿಗೇ ತೆಗೆದು ಸುಡಬೇಕು, ಆಮೇಲೆ ಬರೀ ಮೈಯನ್ನು ಬಿಸಿಗಾಳಿಗೆ ಒಡ್ಡಿ ಕೊಡುತ್ತಾರೆ.

ಮೂರು ದಿನದಿಂದ ಬೈಸಿಕೊಳ್ಳಲು ತಯಾರಾಗಿ ಕೂತಿದ್ದೇನೆ. ಮಗಳು ಬೈಯಲಿಲ್ಲ. ಒಂದಕ್ಕೆ ಎರಡು ತಿರುಗಿಸುವವಳು ನನ್ನ ತಟ್ಟೆಯನ್ನು ನನ್ನ ಮುಂದಿಟ್ಟು, ತನ್ನದನ್ನು ಸಿಂಕಿನ ಹತ್ತಿರ ನಿಂತೇ ಮುಗಿಸುತ್ತಾಳೆ. ಇವತ್ತು ನಾನೇ ಶುರು ಮಾಡಿದೆ. ಬೈದುಬಿಡೇ, ಅದೇನು ಹೊಟ್ಟೆಯಲ್ಲಿಟ್ಟು ಕಾವು ಕೊಡ್ತೀಯ ಎಂದೆ.

"ಅಪ್ಪನ ಸೀಟೂ ಹೋಗುತ್ತಮ್ಮ" ಎಂದಳು.

ಎದ್ದು ಹೋಗಿ ಸಿಂಕಿನಲ್ಲಿದ್ದ ಅವಳ ತಟ್ಟೆಯನ್ನು ನಾನೇ ತೊಳೆದಿಟ್ಟೆ. 

ಮೇ ೬, ಮಂಗಳವಾರ

ಬಂದರಿಗೆ ನಾನೂ ಬರುತ್ತೇನೆ ಎಂದೆ. 

ದೊಡ್ಡ ತಗಡಿನ ಶೆಡ್ಡು. ನೆಲ ಆಸ್ಪತ್ರೆಯದರಷ್ಟು ಬಿಳಿ. ನಮಗೆ ಮೈತುಂಬ ಕಾಗದದ ಅಂಗಿ, ಕೈಗೆ ರಬ್ಬರಿನ ಗವಸು, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಹಾಕಿಸಿದರು. ಸವತಿ ನಡುವೆ ನಿಂತಿದ್ದಳು. ಬೆಳ್ಳಿ ಪಟ್ಟಿ ಮಂಕಾಗಿ, ಒಂದು ಬಾಗಿಲು ತೆರೆದುಕೊಂಡು, ಯಾರೋ ಎಬ್ಬಿಸಿ ಕೂರಿಸಿದ ರೋಗಿಯ ಹಾಗೆ. ಇಷ್ಟು ಸಣ್ಣ ಕಾರೇ ಇದು ಅನ್ನಿಸಿತು.

ಒಬ್ಬ ಕೆಲಸದವನು ಉದ್ದ ಚಾಕು ತೆಗೆದು ಹಿಂದಿನ ಸೀಟಿನ ಚರ್ಮವನ್ನು ನಡುವಿನಿಂದಲೇ ಸೀಳಲು ಹೊರಟ. ನಿಲ್ಲಿಸೋ ಎಂದೆ. ನನ್ನ ಭಾಷೆ ತಿಳಿಯದಿದ್ದರೂ ನಿಂತ. ಹೊಲಿಗೆ ಬಿಚ್ಚಿದರೆ ಚರ್ಮ ಉಳಿಯುತ್ತದೆ, ಹೊಲಿದವಳು ನಾನೇ, ನಾನೇ ಬಿಚ್ಚುತ್ತೇನೆ ಎಂದು ಮಗಳ ಬಾಯಲ್ಲಿ ಹೇಳಿಸಿದೆ. ತಪಾಸಣೆಯ ಹೆಂಗಸು ಹಾಳೆಯಿಂದ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಚರ್ಮವೂ ಬಿಸಿಗೆ ಹೋಗಬೇಕು, ಉಳಿದರೆ ಉಳಿಯಲಿ ಎಂದಳಂತೆ. ಸಣ್ಣ ಬ್ಲೇಡು ಕೊಟ್ಟರು.

ಹಿಂದಿನದು ಮೊದಲು. ಮೊಳಕೆ ಬಾಡಿತ್ತು. ಅದನ್ನು ಚಿಮಟದಲ್ಲಿ ಹಿಡಿದು ಕಳ್ಳನನ್ನು ಒಯ್ಯುವ ಹಾಗೆ ಬೇರೆ ಡಬ್ಬಿಗೆ ಹಾಕಿದರು. ಅರಳೆ ಹಗುರಾಗಿ ಎದ್ದು ಬಂತು. ನಾನು ಕೂರುತ್ತಿದ್ದ ಮುಂದಿನ ಸೀಟಿನದೂ ಹಾಗೇ. ಎಲ್ಲ ಹಳದಿ ಚೀಲಕ್ಕೆ.

ಅವರ ಸೀಟು ಕೊನೆಗೆ. ನನ್ನ ಹೊಲಿಗೆ ನನಗೇ ಬಿಚ್ಚಲು ಬರದಷ್ಟು ಬಿಗಿಯಾಗಿತ್ತು. ಬಲಗಡೆಯ ಅರಳೆ ತುಂಬಿದ ದಿನದ ಹಾಗೆಯೇ ಸಡಿಲವಾಗಿತ್ತು, ಆ ಕಡೆ ಅವರು ಕೂತೇ ಇಲ್ಲ. ಎಡಗಡೆಯದು ಒತ್ತಿ ಒತ್ತಿ ಕಲ್ಲಾಗಿ, ಒಂದೇ ಗಟ್ಟಿಯಾಗಿ ಕೈಗೆ ಬಂತು. ಅವರ ತೊಡೆಯ ಗುರುತು ಅದರಲ್ಲಿ ಅಚ್ಚಿನ ಹಾಗೆ ಇತ್ತು. ಎತ್ತಿ ಮಗಳಿಗೆ ತೋರಿಸಿದೆ. ನೋಡು ನಿಮ್ಮಪ್ಪನ ಹಟ, ನೆಟ್ಟಗೆ ಕೂರಿ ಎಂದು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ ಎಂದೆ.

"ಕೇಳ್ಲಿಕ್ಕೇ ಅಮ್ಮ ವಾಲ್ತಿದ್ದದ್ದು" ಎಂದಳು ಮಗಳು. "ಒಂದೇ ಕಿವಿ, ಅದೂ ಅರ್ಧ. ಇಂಜಿನ್ ಸದ್ದಿನಲ್ಲಿ ನಿನ್ನ ಮಾತು ಕೇಳಬೇಕಲ್ಲ. ನಾನೊಬ್ಬಳೇ ಜೊತೆಗಿದ್ದಾಗ ನೆಟ್ಟಗೇ ಕೂರ್ತಿದ್ರು. ನಿನಗೆ ಗೊತ್ತಿರಲಿಲ್ವಾ."

ಕೆಲಸದವನು ಚೀಲದ ಬಾಯಿ ಅಗಲಿಸಿ ಹಿಡಿದು ಕಾಯುತ್ತಿದ್ದ. ನಾನು ಗಟ್ಟಿಯನ್ನು ಹಿಡಿದುಕೊಂಡೇ ಇದ್ದೆ. ತಪಾಸಣೆಯ ಹೆಂಗಸು ಏನೋ ಹೇಳಿದಳು. ಮಗಳು ನನ್ನ ಮೊಣಕೈ ಮುಟ್ಟಿದಳು. ಆಮೇಲೆ ಚೀಲದಲ್ಲಿಟ್ಟೆ. ಎಸೆಯಲಿಲ್ಲ, ಇಟ್ಟೆ.

ಕನ್ನಡಕ ಒಳಗಿನಿಂದಲೇ ಮಂಜಾಗಿ ಏನೂ ಕಾಣದಾಯಿತು. ಅಗ್ಗದ ಗಾಜು.

ಮೇ ೭, ಬುಧವಾರ

ಬರೆಯುವಂಥದ್ದು ಏನಿಲ್ಲ.

ಮೇ ೧೮, ಭಾನುವಾರ

ಕಾರು ಮನೆಗೆ ಬಂದು ಹತ್ತು ದಿನವಾಯಿತು. ಮುಂದಿನ ಸೀಟಿನ ಜಾಗದಲ್ಲಿ ಬರೀ ಕಬ್ಬಿಣದ ಚೌಕಟ್ಟು. ಹೆಣ್ಣುಮಗುವಿನ ಬಾಯಲ್ಲಿ ಹಾಲುಹಲ್ಲು ಬಿದ್ದ ಹಾಗೆ ಕಾಣುತ್ತದೆ. ಹಾಗೆಂದಾಗ ಮಗಳು ಸ್ವಲ್ಪ ನಕ್ಕಳು. ಈಗ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ.

ಅಳಿಯ ಫೋಮಿನ ಹಲಗೆಗಳನ್ನು ತಂದುಕೊಟ್ಟ. ಬಿಸಿಗೆ ಚರ್ಮ ಸ್ವಲ್ಪ ಕುಗ್ಗಿದೆ, ಆದರೆ ಹರಿದಿಲ್ಲ. ನೆಲದ ಮೇಲೆ ಕೂತು ಹೊಲಿಯುತ್ತಿದ್ದೇನೆ. ಹಿಂದಿನದೂ ನನ್ನ ಕಡೆಯದೂ ಎರಡು ದಿನದಲ್ಲಿ ಆದವು, ಹಲಗೆ ಹಾಸಿದ ಹಾಗೆ ಸಮ. ಅವರ ಸೀಟಿಗೆ ಮಾತ್ರ ಒಂದು ವಾರ ಹಿಡಿಯಿತು. ಫೋಮು ಅರಳೆಯ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಅಡುಗೆಮನೆಯ ಚಾಕುವಿನಿಂದ ಕತ್ತರಿಸಿ, ಕೂತು ನೋಡಿ, ಮತ್ತೆ ಬಿಚ್ಚಿ, ಎಡಗಡೆ ಇನ್ನಷ್ಟು ಕೆತ್ತಿ, ಮತ್ತೆ ಕೂತು ನೋಡಿ. ಬಲಗಡೆ ಕೊಂಚ ಎತ್ತರ ನಿಂತಿದೆ. ಇರಲಿ. ಈ ವಯಸ್ಸಿನ ಕಣ್ಣಿಗೆ ಇಷ್ಟಾದದ್ದೇ ಹೆಚ್ಚು.

ಅಜ್ಜಿ ಯಾರ ಜೊತೆ ಮಾತಾಡ್ತಿದ್ದೀಯ ಎಂದು ಮೊಮ್ಮಗಳು ಬಂದು ಕೇಳಿದಳು. ಫೋಮಿಗೆ ಬೈತಿದ್ದೀನಿ, ಹೋಗು ಎಂದೆ.

ಮೇ ೨೪, ಶನಿವಾರ

ಇವತ್ತು ಮಗಳು ಕಾರು ಹೊರಗೆ ತೆಗೆದಳು. ನಾನು ನನ್ನ ಜಾಗದಲ್ಲೇ ಕೂತೆ. ಬಿಸಿಗಾಳಿಗೆ ಹೋಗಿಬಂದು ಒಳಗೆ ಯಾವ ವಾಸನೆಯೂ ಇಲ್ಲ. ಸ್ಟೇರಿಂಗಿನ ಎರಡು ಕಪ್ಪು ಗುರುತು ಹಾಗೇ ಇವೆ.

ಮೋಡ ಕವಿದ ಉದ್ದನೆಯ ರಸ್ತೆ. ಎಂದಿನ ಹಾಗೆ ಇಂಜಿನ್ ಕಿವಿ ಹರಿಯುವಷ್ಟು ಕೂಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮಗಳು ಸೀಟಿನಲ್ಲಿ ಆಚೀಚೆ ಹೊರಳಿದಳು.

"ಅಮ್ಮ, ಈ ಸೀಟು ಎಡಕ್ಕೆ ವಾಲ್ತಾ ಇದೆ."

"ಈ ಊರಿನ ಫೋಮೇ ಹಾಗೆ" ಎಂದೆ.

ಅವಳು ನೆಟ್ಟಗೆ ಕೂರಲಿಲ್ಲ. ಅವಳ ಕಿವಿ ನನ್ನ ಬಾಯಿಯ ಹತ್ತಿರವೇ ಬಂದಿತ್ತು. ಈ ದೇಶದ ಬಗ್ಗೆ, ಕಿಟಕಿಯ ಬಗ್ಗೆ, ಆ ಮುದುಕನ ನಾಯಿಯ ಬಗ್ಗೆ ಹೇಳುವುದು ರಾಶಿ ಇತ್ತು. ಅಷ್ಟು ಹತ್ತಿರ ಬಂದ ಕಿವಿಗೆ ಬೈಯಲು ಬಾಯಿ ಬರಲಿಲ್ಲ. 

ಇಳಿಯುವಾಗ ಅಳಿಯ ಬಂದು ಸೀಟು ಮುಟ್ಟಿ ನೋಡಿ, ಇದನ್ನು ಸಮ ಮಾಡಬೇಕೇನೋ ಎಂದ. ಅವನು ಆಯ್ತು ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು. ನಾಳೆ ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದೆ.

ಡಬ್ಬಿ ನೋಡಿದೆ. ಸೂಜಿ ಎಲ್ಲಿಟ್ಟೆನೋ, ಕಾಣಿಸುತ್ತಿಲ್ಲ.